ಫೋನ್ ಕೆಟ್ಟಿಲ್ಲ ಅಜ್ಜಿ, ದಾರಿ ಮುಚ್ಚಿದೆ

ನಮ್ಮ ಚಿಕ್ಕಬಳ್ಳಾಪುರ ಜಿಲ್ಲೆಯವರಿಗೆ ಫಾರಿನ್ ಎಂದರೆ ಅಮೆರಿಕದ ಸಾಫ್ಟ್‌ವೇರ್ ಕಂಪನಿ ಮಾತ್ರ ಅಲ್ಲ. ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ತೆಗೆಯುವ ಮನೆಗಳಿಂದ ಸೌದಿಗೆ ಡ್ರೈವರ್ ಕೆಲಸಕ್ಕೆ ಹೋದವರಿದ್ದಾರೆ. ಚಿಂತಾಮಣಿಯಿಂದ ದುಬೈಗೆ ಎಲೆಕ್ಟ್ರಿಷಿಯನ್ ಆಗಿ ಹೋದವರಿದ್ದಾರೆ. ಗೌರಿಬಿದನೂರು ತಾಲ್ಲೂಕಿನ ಅಲೀಪುರದಿಂದ ಓದಲು ಇರಾನ್‌ಗೆ ಹೋದವರಿದ್ದಾರೆ. ಶುಕ್ರವಾರ ಮಧ್ಯಾಹ್ನದ ಮೇಲೆ ಇಂಥ ಮನೆಗಳಲ್ಲಿ ಫೋನ್‌ಗೆ ಬಿಡುವೇ ಇರುವುದಿಲ್ಲ. ಸೌದಿ, ಕುವೈತ್, ಕತಾರ್‌ಗಳಲ್ಲಿ ಅಂದು ರಜೆ. ನಮಗಿಂತ ಎರಡೂವರೆ ಗಂಟೆ ಹಿಂದಿರುವ ಆ ಊರುಗಳಲ್ಲಿ ನಮಾಜ್, ಊಟ ಮುಗಿಯುವ ಹೊತ್ತಿಗೆ ಇಲ್ಲಿ ಸಂಜೆಯಾಗುತ್ತಾ ಬಂದಿರುತ್ತದೆ. ಮೊಬೈಲನ್ನು ಗೋಡೆಗೋ ಸ್ಟೀಲ್ ಡಬ್ಬಿಗೋ ಒರಗಿಸಿಟ್ಟು ಇಡೀ ಸಂಸಾರ ಅದರ ಮುಂದೆ ಕೂರುತ್ತದೆ.

ಇದಕ್ಕೆ ಬೇರೆ ದುಡ್ಡು ಕೊಡಬೇಕಾಗಿಲ್ಲ, ಡೇಟಾ ಪ್ಯಾಕ್ ಇದ್ದರೆ ಸಾಕು. ಹಾಗಾಗಿಯೇ ಇದು ಯಾವತ್ತೂ ಇರುತ್ತದೆ ಎಂದು ನಾವು ನಂಬಿಬಿಟ್ಟಿದ್ದೇವೆ. ಅದು ನಿಜವೇ?

ಅಪ್ಪ, ಚಿಕ್ಕಪ್ಪಂದಿರ ತಲೆಮಾರಿನವರನ್ನು ಒಮ್ಮೆ ಕೇಳಿ ನೋಡಿ. ಟ್ರಂಕ್ ಕಾಲ್ ಬುಕ್ ಮಾಡಿ ಗಂಟೆಗಟ್ಟಲೆ ಕಾಯುತ್ತಿದ್ದ ಕಾಲ ಅದು. ಸ್ಯಾಮ್ ಪಿತ್ರೋಡಾ ಅವರ ಸಿ-ಡಾಟ್ ಸಂಸ್ಥೆ ತಯಾರಿಸಿದ ಹಳ್ಳಿ ಟೆಲಿಫೋನ್ ಎಕ್ಸ್‌ಚೇಂಜ್ ಮೊದಲು ಕೂತದ್ದು ನಮ್ಮ ಕರ್ನಾಟಕದ ಕಿತ್ತೂರಿನಲ್ಲಿ, 1986ರಲ್ಲಿ. ಆಮೇಲೆ ಊರೂರಿಗೆ ಎಸ್‌ಟಿಡಿ, ಐಎಸ್‌ಡಿ, ಪಿಸಿಒ ಎಂಬ ಹಳದಿ ಬೋರ್ಡುಗಳು ಬಂದವು. ಗಾಜಿನ ಗೂಡಿನೊಳಗೆ ನಿಂತು ಮಾತಾಡುವಾಗ ಕಣ್ಣು ಮಾತ್ರ ಮೀಟರಿನ ಕೆಂಪು ಅಂಕಿಗಳ ಮೇಲೆ. ಏನು ಹೇಳಬೇಕೋ ಅದನ್ನು ಚೀಟಿಯಲ್ಲಿ ಬರೆದುಕೊಂಡು ಹೋಗುತ್ತಿದ್ದರಂತೆ. ಗಲ್ಫ್‌ಗೆ ಫೋನ್ ಮಾಡುವಷ್ಟು ಶಕ್ತಿ ಇಲ್ಲದವರು ಟೇಪ್ ರೆಕಾರ್ಡರಿನಲ್ಲಿ ಮಾತು ತುಂಬಿಸಿ, ರಜೆ ಮುಗಿಸಿ ಹೊರಟವರ ಕೈಯಲ್ಲಿ ಕ್ಯಾಸೆಟ್ ಕಳಿಸುತ್ತಿದ್ದರು. ಉತ್ತರದ ಕ್ಯಾಸೆಟ್ ಬರಲು ಮತ್ತೆ ಯಾರಾದರೂ ರಜೆಗೆ ಬರಬೇಕಿತ್ತು.

ವಿದೇಶಿ ಕರೆಗಳ ಮೇಲೆ ವಿಎಸ್‌ಎನ್‌ಎಲ್‌ಗೆ ಇದ್ದ ಏಕಸ್ವಾಮ್ಯ 2002ರಲ್ಲಿ ಕೊನೆಗೊಂಡಿತು. ಇಂಟರ್ನೆಟ್ ಮೂಲಕ ಮಾತಾಡಲು ನಮ್ಮ ಸರ್ಕಾರ ಅನುಮತಿ ಕೊಟ್ಟಿದ್ದೂ ಅದೇ ವರ್ಷ. 2003ರಲ್ಲಿ ಸ್ಕೈಪ್ ಬಂತು. ಸೈಬರ್ ಕೆಫೆಯಲ್ಲಿ ಗಂಟೆ ಲೆಕ್ಕದಲ್ಲಿ ದುಡ್ಡು ಕೊಟ್ಟು, ಹೆಡ್‌ಫೋನ್ ಹಾಕಿಕೊಂಡು ಮಾತಾಡಿದವರಿಗೆ ಅದು ನೆನಪಿರಬೇಕು. ವಾಟ್ಸ್‌ಆ್ಯಪ್‌ನಲ್ಲಿ 2015ರಲ್ಲಿ ಕರೆ ಸೌಲಭ್ಯ ಬಂತು, 2016ರ ನವೆಂಬರ್‌ನಲ್ಲಿ ವಿಡಿಯೊ ಕರೆಯೂ ಸೇರಿತು. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಜಿಯೊ ಶುರುವಾಗಿ ಡೇಟಾ ಅಗ್ಗವಾಯಿತು. ಸೈಬರ್ ಕೆಫೆ, ಹಳದಿ ಬೋರ್ಡು ಎರಡೂ ಮಾಯ. 2025ರ ಮೇ 5ರಂದು ಸ್ಕೈಪ್ ಕೂಡ ಅಂಗಡಿ ಮುಚ್ಚಿತು.

ಇಷ್ಟೆಲ್ಲ ಆದಮೇಲೂ ಒಂದು ತೊಡಕು ಉಳಿದಿದೆ. ನಾನು ಎಂಜಿನಿಯರಿಂಗ್ ಓದುತ್ತಿದ್ದೇನೆ ಎಂಬ ಒಂದೇ ಕಾರಣಕ್ಕೆ ನಮ್ಮ ಬೀದಿಯಲ್ಲಿ ಯಾರ ಮೊಬೈಲ್ ಕೆಟ್ಟರೂ ನನ್ನ ಹತ್ತಿರ ಬರುತ್ತದೆ. ಹಾಗೆ ಬಂದ ಅಜ್ಜಿಯೊಬ್ಬರು, 'ನೋಡಪ್ಪ, ನನ್ನ ಫೋನ್ ಕೆಟ್ಟೋಗೈತೆ. ಮಗ ದುಬೈನಾಗವ್ನೆ. ರಿಂಗ್ ಆಗ್ತದೆ, ಎತ್ತಿದ್ರೆ ಮಾತೇ ಕೇಳಲ್ಲ. ಅಂಗಡಿಯವನು ಸ್ಪೀಕರ್ ಬದಲಾಯಿಸ್ಬೇಕು ಅಂತವ್ನೆ' ಎಂದರು. ಸ್ಪೀಕರ್ ಚೆನ್ನಾಗಿಯೇ ಇತ್ತು. ಬೆಂಗಳೂರಿನಲ್ಲಿರುವ ಮಗಳಿಗೆ ಅದೇ ವಾಟ್ಸ್‌ಆ್ಯಪ್‌ನಲ್ಲಿ ಕರೆ ಮಾಡಿದರೆ ಗಂಟೆಯ ಹಾಗೆ ದನಿ ಕೇಳುತ್ತಿತ್ತು.

ಕೆಟ್ಟಿದ್ದು ಫೋನ್ ಅಲ್ಲ, ದಾರಿ. ಯುಎಇಯಲ್ಲಿ ಇಂಟರ್ನೆಟ್ ಕರೆಗೆ ಅಲ್ಲಿನ ಟೆಲಿಕಾಂ ನಿಯಂತ್ರಣ ಪ್ರಾಧಿಕಾರದ ಒಪ್ಪಿಗೆ ಬೇಕು. ವಾಟ್ಸ್‌ಆ್ಯಪ್‌ನಲ್ಲಿ ಸಂದೇಶ ಹೋಗುತ್ತದೆ, ಫೋಟೊ ಹೋಗುತ್ತದೆ, ಕರೆ ಮಾತ್ರ ಹೋಗುವುದಿಲ್ಲ. ಬೋಟಿಮ್‌ನಂಥ ಕೆಲವು ಆ್ಯಪ್‌ಗಳಿಗೆ ಮಾತ್ರ ಅನುಮತಿ. 2018ರಲ್ಲಿ ಇಂಥ ಆ್ಯಪ್ ಬಳಸಲು ತಿಂಗಳಿಗೆ 50 ದಿರ್ಹಮ್‌ನ ಪ್ಯಾಕ್ ಹಾಕಿಸಿಕೊಳ್ಳಬೇಕಿತ್ತು. ಅಮೆರಿಕದಲ್ಲಿ ಲಕ್ಷಗಟ್ಟಲೆ ಸಂಬಳ ಪಡೆಯುವವರು ಬಿಡಿಗಾಸು ಖರ್ಚಿಲ್ಲದೆ ಮಾತಾಡುತ್ತಾರೆ. ಒಂದೇ ಕೋಣೆಯಲ್ಲಿ ಹಲವರ ಜತೆ ಮಲಗಿ, ಉಳಿಸಿದ ಪ್ರತಿ ದಿರ್ಹಮನ್ನೂ ಊರಿಗೆ ಕಳಿಸುವವರು ಮಾತಿಗೂ ದುಡ್ಡು ಎಣಿಸಬೇಕು. ಇದು ನನಗೆ ಯಾವಾಗಲೂ ಅನ್ಯಾಯ ಅನ್ನಿಸುತ್ತದೆ.

'ವಾಟ್ಸ್‌ಆ್ಯಪ್ ಮಾತನ್ನು ಯಾರೂ ಕದ್ದು ಕೇಳುವ ಹಾಗಿಲ್ಲ ಅಂತಾರಲ್ಲ, ಹಾಗಾದರೆ ಅದು ಕರೆ ಅಂತ ಅವರಿಗೆ ಹೇಗೆ ಗೊತ್ತಾಗುತ್ತದೆ?' ಎಂದು ಗೆಳೆಯನೊಬ್ಬ ಕೇಳಿದ. ಒಳ್ಳೆಯ ಪ್ರಶ್ನೆ. ಇಂಟರ್ನೆಟ್ ಕರೆಯಲ್ಲಿ ನಮ್ಮ ಮಾತನ್ನು ಸಾಮಾನ್ಯವಾಗಿ 20 ಮಿಲಿಸೆಕೆಂಡ್‌ನ ಚೂರುಗಳಾಗಿ ಕತ್ತರಿಸುತ್ತಾರೆ. ಅಂದರೆ ಸೆಕೆಂಡಿಗೆ 50 ಚೂರು. ಪ್ರತಿ ಚೂರನ್ನೂ ಕುಗ್ಗಿಸಿ, ಬೀಗ ಹಾಕಿ, ವಿಳಾಸ ಬರೆದು ಓಡಿಸುತ್ತಾರೆ. ಒಂದು ಚೂರು ತಡವಾದರೆ ಅದಕ್ಕಾಗಿ ಕಾಯುವುದಿಲ್ಲ, ಬಿಟ್ಟು ಮುಂದೆ ಹೋಗುತ್ತಾರೆ. ಮಧ್ಯೆ ಮಧ್ಯೆ ದನಿ ಮುರಿಯುವುದು ಅದಕ್ಕೇ. ಒಂದು ಕಡೆಯಿಂದ ಇನ್ನೊಂದು ಕಡೆಗೆ ಮಾತು ತಲುಪಲು 150 ಮಿಲಿಸೆಕೆಂಡ್‌ಗಿಂತ ಹೆಚ್ಚು ಹಿಡಿಯಬಾರದು ಎಂಬುದು ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಸಲಹೆ. ತೀರಾ ತಡವಾದರೆ ಇಬ್ಬರೂ ಒಟ್ಟಿಗೆ ಮಾತಾಡುತ್ತಾರೆ, ಇಬ್ಬರೂ ಒಟ್ಟಿಗೆ ಸುಮ್ಮನಾಗುತ್ತಾರೆ.

ಹೀಗೆ ಒಂದೇ ತಾಳದಲ್ಲಿ ಎರಡೂ ಕಡೆಗೆ ಓಡುವ ಚೂರುಗಳ ಸಾಲನ್ನು ನೋಡಿದರೆ ಸಾಕು, ಒಳಗಿನ ಮಾತು ಕೇಳದೆಯೇ ಇದು ಕರೆ ಎಂದು ಯಂತ್ರಕ್ಕೆ ತಿಳಿಯುತ್ತದೆ. ಬೀಗ ಒಡೆಯಬೇಕಾಗಿಲ್ಲ, ಗಾಡಿ ತಡೆದರಾಯಿತು. ಆದರೆ ವಾಯ್ಸ್ ಮೆಸೇಜ್ ಫೋಟೊದ ಹಾಗೆ ಒಂದು ಫೈಲ್. ನಿಧಾನವಾಗಿ ಹೋದರೂ ನಡೆಯುತ್ತದೆ. ಅದಕ್ಕೇ ಅದು ದಾಟುತ್ತದೆ. ಆ ಅಜ್ಜಿಗೆ ವಾಯ್ಸ್ ಮೆಸೇಜ್ ಒತ್ತುವುದನ್ನು ಹೇಳಿಕೊಟ್ಟೆ. ಓದು ಬರಹ ಬಾರದ ಅವರು ಈಗ ದಿನಕ್ಕೆರಡು ಬಾರಿ ಮಗನಿಗೆ ಮಾತು ತುಂಬಿಸಿ ಕಳಿಸುತ್ತಾರೆ. ಹಳೆಯ ಕ್ಯಾಸೆಟ್ ಮತ್ತೆ ಬಂದ ಹಾಗಾಯಿತು, ಉತ್ತರ ಮಾತ್ರ ಅದೇ ದಿನ ಬರುತ್ತದೆ.

'ವಿಪಿಎನ್ ಹಾಕಿಕೊಂಡರೆ ಎಲ್ಲ ಓಪನ್ ಆಗುತ್ತೆ' ಎಂದು ಸಲಹೆ ಕೊಡುವ ಗೆಳೆಯರು ನಮ್ಮಲ್ಲಿ ಬೇಕಾದಷ್ಟಿದ್ದಾರೆ. ಇಲ್ಲಿ ಕೂತು ಹೇಳುವುದು ಸುಲಭ. ವಿಪಿಎನ್‌ನಿಂದ ಗುರುತು ಮರೆಮಾಚಿ ಅಪರಾಧ ಎಸಗಿದರೆ ಯುಎಇ ಕಾನೂನಿನಲ್ಲಿ 5 ಲಕ್ಷದಿಂದ 20 ಲಕ್ಷ ದಿರ್ಹಮ್‌ವರೆಗೆ ದಂಡವಿದೆ. ಸಾಲ ಮಾಡಿ ಹೋದ ಅಣ್ಣನಿಗೆ ಇಂಥ ಉಪಾಯ ಹೇಳಿಕೊಡುವ ಮುನ್ನ ಎರಡು ಸಲ ಯೋಚಿಸಿ.

ಅದು ನಿಯಮದ ಮಾತಾಯಿತು. ಯುದ್ಧ ಬಂದರೆ ನಿಯಮವೂ ಇರುವುದಿಲ್ಲ. ಅಲೀಪುರ ಶಿಯಾ ಮುಸ್ಲಿಮರು ಹೆಚ್ಚಾಗಿರುವ, ಹರಳು ವ್ಯಾಪಾರಕ್ಕೆ ಹೆಸರಾದ ಊರು. ಇರಾನ್ ಜತೆ ಆ ಊರಿಗೆ ಹಳೆಯ ನಂಟು. ವೈದ್ಯಕೀಯ ಓದಲು, ಧಾರ್ಮಿಕ ಶಿಕ್ಷಣ ಪಡೆಯಲು, ಯಾತ್ರೆಗೆ ಅಲ್ಲಿಂದ ಹೋಗುತ್ತಲೇ ಇರುತ್ತಾರೆ. 2025ರ ಜೂನ್ 13ರಂದು ಇಸ್ರೇಲ್ ದಾಳಿ ಶುರುವಾದಾಗಲೂ ಹಲವರು ಅಲ್ಲಿದ್ದರು. ಟೆಹರಾನ್‌ನ ನಮ್ಮ ರಾಯಭಾರ ಕಚೇರಿ ಸಹಾಯವಾಣಿ ಸಂಖ್ಯೆಗಳನ್ನು ಕೊಟ್ಟಿತು, ಟೆಲಿಗ್ರಾಂ ಲಿಂಕ್ ಕೂಡ ಕೊಟ್ಟಿತು. ಆದರೆ ಜೂನ್ 18ರ ಹೊತ್ತಿಗೆ ಇರಾನ್‌ನಲ್ಲಿ ಇಂಟರ್ನೆಟ್ ಹೆಚ್ಚು ಕಡಿಮೆ ಪೂರ್ತಿ ನಿಂತುಹೋಯಿತು. ಇಂಟರ್ನೆಟ್ಟೇ ಇಲ್ಲದ ಮೇಲೆ ಟೆಲಿಗ್ರಾಂ ಏನು ಮಾಡೀತು, ವಾಟ್ಸ್‌ಆ್ಯಪ್ ಏನು ಮಾಡೀತು?

ಅದೇ ದಿನ ಕೇಂದ್ರ ಸರ್ಕಾರ 'ಆಪರೇಷನ್ ಸಿಂಧು' ಘೋಷಿಸಿತು. 110 ವಿದ್ಯಾರ್ಥಿಗಳ ಮೊದಲ ತಂಡ ಅರ್ಮೇನಿಯಾದ ಮೂಲಕ ಜೂನ್ 19ರ ಬೆಳಗಿನ ಜಾವ ದೆಹಲಿ ತಲುಪಿತು. ಜೂನ್ 24ಕ್ಕೆ ಕದನ ವಿರಾಮ ಬಂತು. ಟಿವಿಯಲ್ಲಿ ಕ್ಷಿಪಣಿ, ಕೈಯಲ್ಲಿ ಉತ್ತರ ಬಾರದ ಮೊಬೈಲ್ ಹಿಡಿದು ಕೂತ ತಾಯಿ ತಂದೆಗೆ ಆ ದಿನಗಳು ಎಷ್ಟು ಉದ್ದವಾಗಿದ್ದಿರಬೇಕು! ಕ್ಯಾಸೆಟ್ ಕಾಲದವರಿಗೆ ತಿಂಗಳುಗಟ್ಟಲೆ ಸುದ್ದಿ ಇಲ್ಲದೆ ಇರುವುದು ರೂಢಿಯಾಗಿತ್ತು. ದಿನವೂ ಮುಖ ನೋಡಿ ಅಭ್ಯಾಸವಾದ ನಮಗೆ ಒಂದು ರಾತ್ರಿ ಕಳೆಯುವುದೂ ಕಷ್ಟ.

ಹಾಗಂತ ಇಂಟರ್ನೆಟ್ ಕರೆ ಬೇಡ ಎಂದು ನಾನು ಹೇಳುತ್ತಿಲ್ಲ. ಅದೊಂದನ್ನೇ ನಂಬಬಾರದು ಅಷ್ಟೆ. ಮನೆಯಲ್ಲಿ ಮೊಬೈಲ್ ಚೆನ್ನಾಗಿ ಬಲ್ಲವರು ಸಾಮಾನ್ಯವಾಗಿ ನಮ್ಮ ವಯಸ್ಸಿನವರೇ. ಆದ್ದರಿಂದ ಈ ಕೆಲಸಗಳು ನಮ್ಮ ಪಾಲಿನವು. ಅಣ್ಣನೋ ಮಾವನೋ ವಿಮಾನ ಹತ್ತುವ ಮುಂಚೆಯೇ ಆ ದೇಶದಲ್ಲಿ ಯಾವ ಆ್ಯಪ್‌ಗೆ ಅನುಮತಿ ಇದೆ ಎಂದು ತಿಳಿದುಕೊಂಡು ಎರಡೂ ಫೋನ್‌ಗಳಿಗೆ ಹಾಕಿ ನೋಡಿ. ಮನೆಯ ಸಿಮ್‌ನಲ್ಲಿ ಐಎಸ್‌ಡಿ ಚಾಲೂ ಇದೆಯೇ, ನಿಮಿಷಕ್ಕೆ ಎಷ್ಟು ಎಂದು ವಿಚಾರಿಸಿ. ಅಲ್ಲಿಂದ ಬರುವ ಮಾಮೂಲಿ ಕರೆಗೆ ನಮ್ಮ ಕಡೆ ಖರ್ಚಿಲ್ಲ, ಡೇಟಾವೂ ಬೇಡ, ಕೀಪ್ಯಾಡ್ ಫೋನ್ ಆದರೂ ಸಾಕು. ತುರ್ತಿಗೆ ಅದೊಂದು ದಾರಿ ತೆರೆದಿರಲಿ.

ಅವರ ಕಂಪನಿಯ ನಂಬರ್, ಜತೆಯಲ್ಲಿ ಇರುವವರೊಬ್ಬರ ನಂಬರ್, ಆ ದೇಶದಲ್ಲಿರುವ ನಮ್ಮ ರಾಯಭಾರ ಕಚೇರಿಯ ನಂಬರ್ ಇವಿಷ್ಟನ್ನೂ ಕಾಗದದಲ್ಲಿ ಬರೆದಿಡಿ. ಪಾಸ್‌ಪೋರ್ಟ್ ಪ್ರತಿ ಮನೆಯಲ್ಲಿರಲಿ. ವಿದೇಶಾಂಗ ಸಚಿವಾಲಯದ 'ಮದದ್' ಪೋರ್ಟಲ್‌ನಲ್ಲಿ ದೂರು ಕೊಡುವುದು ಹೇಗೆಂದು ಒಮ್ಮೆ ನೋಡಿಟ್ಟುಕೊಳ್ಳಿ. ಗೊತ್ತಿಲ್ಲದ ವಿದೇಶಿ ನಂಬರಿನಿಂದ ಕರೆ ಬಂದು 'ನಿಮ್ಮ ಮಗ ಅರೆಸ್ಟ್ ಆಗಿದ್ದಾನೆ, ದುಡ್ಡು ಕಳಿಸಿ' ಎಂದರೆ ಗಾಬರಿಯಾಗದೆ ಮನೆಯವರಿಗಷ್ಟೇ ಗೊತ್ತಿರುವ ಒಂದು ಪ್ರಶ್ನೆ ಕೇಳಲು ಅಮ್ಮನಿಗೆ ಹೇಳಿಕೊಡಿ.

ಇವೆಲ್ಲ ಸೇರಿ ಒಂದು ಭಾನುವಾರ ಮಧ್ಯಾಹ್ನದ ಕೆಲಸ. ನಂಬರ್ ಬರೆಯಲು ಹೊಸ ಡೈರಿ ಬೇಕಿಲ್ಲ, ಗೋಡೆಯ ಕ್ಯಾಲೆಂಡರಿನ ಹಿಂಬದಿ ಸಾಕು. ಅಕ್ಷರ ಮಾತ್ರ ಸ್ವಲ್ಪ ದೊಡ್ಡದಾಗಿರಲಿ, ಕನ್ನಡಕ ಸಿಗದಿದ್ದರೂ ಓದುವ ಹಾಗಿರಬೇಕು.