ಎಣ್ಣೆ ಹೊಡೆಯೋ ಪಂಪಿಗೆ ಸಬ್ಸಿಡಿ ಇದೆ, ಮೈ ತೊಳೆಯೋ ನೀರಿಗೆ?

ಸಮುದ್ರದಲ್ಲಿ ಸ್ಕೂಬಾ ಡೈವಿಂಗ್ ಮಾಡುವವರು ಮೇಲೆ ಬಂದ ಕೂಡಲೇ ಸಲಕರಣೆಗಳನ್ನು ಸಿಹಿನೀರಲ್ಲಿ ತೊಳೆಯುತ್ತಾರೆ. ಉಪ್ಪು ಉಳಿದರೆ ಲೋಹ ತುಕ್ಕು ಹಿಡಿಯುತ್ತದೆ. ಅದಕ್ಕೆಂದೇ ಗಾಳಿ ತುಂಬಿದ ನೀರಿನ ಕ್ಯಾನು ಜೊತೆಗೆ ಒಯ್ಯುವವರೂ ಇದ್ದಾರೆ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆ ಸಮುದ್ರ ಇಲ್ಲ. ಆದರೆ ಲಿಂಬೆ, ಹತ್ತಿ, ತೊಗರಿಗೆ ಎಣ್ಣೆ ಹೊಡೆಯೋ ಕೂಲಿಯವರ ಮೈಮೇಲೆ ಕೀಟನಾಶಕ ಬೀಳುತ್ತದೆ. ಆ ಕ್ಯಾನು ಅವರಿಗೇ ಹೆಚ್ಚು ಬೇಕು.

ಯಾಕೆ? ಆರ್ಗನೋಫಾಸ್ಫೇಟ್ ಜಾತಿಯ ಕೀಟನಾಶಕ ಚರ್ಮದ ಮೂಲಕವೇ ಒಳಗೆ ಹೋಗಿ ನರಗಳನ್ನು ಕೆಡಿಸುತ್ತದೆ. ತಡ ಮಾಡಿದಷ್ಟೂ ಹೆಚ್ಚು ಇಳಿಯುತ್ತದೆ. ಸಂಜೆ ಮನೆಗೆ ಹೋಗಿ ಸ್ನಾನ ಮಾಡಿದರಾಯಿತು ಅನ್ನೋದು ಇಲ್ಲಿ ನಡೆಯಲ್ಲ. 2017ರಲ್ಲಿ ಮಹಾರಾಷ್ಟ್ರದ ಯವತ್ಮಾಳದಲ್ಲಿ ಹತ್ತಿಗೆ ಎಣ್ಣೆ ಹೊಡೆದ 20ಕ್ಕೂ ಹೆಚ್ಚು ರೈತರು, ಕೂಲಿಕಾರರು ಸತ್ತರು.

ಸಾಧನ ಸರಳ. 8 ಲೀಟರಿನ ಹೊಸ ಕೈಪಂಪಿನ ಸ್ಪ್ರೇಯರ್ ತಗೊಳ್ಳಿ. ಎಣ್ಣೆ ಹಾಕಿದ್ದ ಹಳೆಯದು ಬೇಡವೇ ಬೇಡ. ‘ನೀರು ಮಾತ್ರ’ ಅಂತ ದಪ್ಪಕ್ಷರದಲ್ಲಿ ಬರೆಯಿರಿ. ಮುಕ್ಕಾಲು ಭಾಗ ನೀರು ತುಂಬಿ, ಉಳಿದ ಜಾಗಕ್ಕೆ ಪಂಪು ಹೊಡೆಯಿರಿ. ಒತ್ತಿದ ಗಾಳಿ ಹಿಗ್ಗಲು ನೋಡುತ್ತದೆ, ನೀರನ್ನು ಹೊರಗೆ ತಳ್ಳುತ್ತದೆ. ಬಟ್ಟೆ ಬಿಚ್ಚಿ, ಸೋಪು ಹಚ್ಚಿ ಕೈ, ಕತ್ತು, ಬೆನ್ನು ತೊಳೆಯೋಕೆ ಇದು ಸಾಕು. ಪಿವಿಸಿ ಪೈಪಿಗೆ ಸೈಕಲ್ ಪಂಪಿನಿಂದ ಗಾಳಿ ತುಂಬುವ ಜುಗಾಡ್ ಮಾತ್ರ ಮಾಡಬೇಡಿ. ಒಡೆದರೆ ಚೂರು ಸಿಡಿಯುತ್ತವೆ.

ಕಣ್ಣಿಗೆ ಒತ್ತಡದ ನೀರು ಬಿಡಬಾರದು. ಅಂತಾರಾಷ್ಟ್ರೀಯವಾಗಿ ಬಳಕೆಯಲ್ಲಿರುವ ಅಮೆರಿಕದ ಮಾನದಂಡದ ಪ್ರಕಾರ ನಿಮಿಷಕ್ಕೆ 1.5 ಲೀಟರಿನಂತೆ 15 ನಿಮಿಷ, ಅಂದರೆ 22.5 ಲೀಟರ್ ನೀರು ಬೇಕು. ನಲ್ಲಿ ಇರುವ 25 ಲೀಟರಿನ ಕ್ಯಾನನ್ನು ಬಂಡಿಯ ಮೇಲೆ ನೆರಳಲ್ಲಿಟ್ಟರೆ ಆಯಿತು. ತೊಳೆದ ಮೇಲೆ ಎಣ್ಣೆ ಡಬ್ಬಿ ಜೊತೆಗೇ ಆಸ್ಪತ್ರೆಗೆ ಹೋಗಿ, ಲೇಬಲ್ ನೋಡಿದರೆ ವೈದ್ಯರಿಗೆ ಮದ್ದು ತಿಳಿಯುತ್ತದೆ.

ಈಗ ರಾಜಕೀಯದ ಪ್ರಶ್ನೆ. 1968ರ ಕೀಟನಾಶಕ ಕಾಯ್ದೆಯಡಿ ಬಂದ 1971ರ ನಿಯಮಗಳಲ್ಲಿ ರಕ್ಷಣಾ ಉಡುಪು, ಪ್ರಥಮ ಚಿಕಿತ್ಸೆಯ ಮಾತಿದೆ. ಕೃಷಿ ಯಾಂತ್ರೀಕರಣ ಯೋಜನೆಯಲ್ಲಿ ಸ್ಪ್ರೇಯರಿಗೆ ಸಬ್ಸಿಡಿಯೂ ಇದೆ. ಆದರೆ ಸ್ಪ್ರೇಯರ್ ಕೊಳ್ಳುವವರು ಹೊಲದ ಮಾಲೀಕರು, ಬೆನ್ನಿಗೆ ಹೊರುವವರು ದಿನಗೂಲಿಯವರು. ಅದೇ ಸಬ್ಸಿಡಿಯ ಜೊತೆ ಎರಡು ಕ್ಯಾನು, ಒಂದು ಸೋಪು ಕಡ್ಡಾಯ ಮಾಡಲು ಹೊಸ ಕಾಯ್ದೆ ಬೇಕಿಲ್ಲ, ಮಾರ್ಗಸೂಚಿಯಲ್ಲಿ ಒಂದು ಸಾಲು ಸೇರಿಸಿದರೆ ಸಾಕು. ನಿಮ್ಮೂರಿನ ಮುಂದಿನ ಗ್ರಾಮಸಭೆಯಲ್ಲಿ, ರೈತ ಸಂಪರ್ಕ ಕೇಂದ್ರದಲ್ಲಿ ಇದನ್ನೇ ಕೇಳಿ.