ನಾಯಿಯ ಮೂತ್ರದಿಂದ ಲೆನ್ಸಿನ ಮೂತಿಗೆ

ಇಂಗ್ಲೆಂಡಿನ ಬ್ರಿಸ್ಟಲ್ ನಗರ, 1852. ವಿಲಿಯಂ ಬರ್ಡ್ ಹೆರಾಪಾತ್ ಎಂಬ ವೈದ್ಯನಿಗೆ ಔಷಧಗಳ ರಸಾಯನಶಾಸ್ತ್ರದಲ್ಲಿ ಅಪಾರ ಆಸಕ್ತಿ. ಮಲೇರಿಯಾಕ್ಕೆ ಆ ಕಾಲದ ಮುಖ್ಯ ಮದ್ದಾಗಿದ್ದ ಕ್ವಿನೈನನ್ನು ಒಂದು ನಾಯಿಗೆ ತಿನ್ನಿಸಿದ್ದರು. ಆ ನಾಯಿಯ ಮೂತ್ರಕ್ಕೆ ಫೆಲ್ಪ್ಸ್ ಎಂಬ ಶಿಷ್ಯ ಅಯೋಡಿನ್ ಹನಿಸಿದಾಗ ಹಸಿರಾಗಿ ಮಿನುಗುವ ಸಣ್ಣ ಸಣ್ಣ ಹರಳುಗಳು ಕಾಣಿಸಿಕೊಂಡವು. ಹುಡುಗ ಅದನ್ನು ಚೆಲ್ಲದೆ ಗುರುವಿಗೆ ತಂದು ತೋರಿಸಿದ.

ಹೆರಾಪಾತ್ ಅವನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡಿದ. ಒಂಟಿಯಾಗಿ ಬಿದ್ದಿದ್ದ ಹರಳುಗಳ ಮೂಲಕ ಬೆಳಕು ಸಲೀಸಾಗಿ ಹಾದುಬರುತ್ತಿತ್ತು. ಒಂದರ ಮೇಲೊಂದು ನೇರವಾಗಿ ಕೂತ ಕಡೆಯೂ ಬೆಳಕಿತ್ತು. ಆದರೆ ಒಂದಕ್ಕೊಂದು ಅಡ್ಡಡ್ಡ ಬಿದ್ದ ಕಡೆ ಮಾತ್ರ ಗಾಢ ಕಪ್ಪು. ಎರಡು ಪಾರದರ್ಶಕ ಚೂರುಗಳು ಸೇರಿ ಕತ್ತಲೆಯಾಗುವುದೆಂದರೆ ಏನೆಂದು ಅವನಿಗೆ ಕೂಡಲೇ ಹೊಳೆಯಿತು: ಇವು ಬೆಳಕನ್ನು ಧ್ರುವೀಕರಿಸುವ ಹರಳುಗಳು.

ಇಂದು ಫೋಟೊ ತೆಗೆಯುವವರು ಸಿಪಿಎಲ್ ಎಂದು ಕರೆಯುವ ಪೋಲರೈಸಿಂಗ್ ಫಿಲ್ಟರಿನ ಮೂಲ ಇಲ್ಲಿದೆ. ಅಂಗಡಿಯಲ್ಲಿ ಈ ಫಿಲ್ಟರಿನ ಬೆಲೆ ಸಾವಿರ ಚಿಲ್ಲರೆ ರೂಪಾಯಿಯಿಂದ ಹತ್ತು ಸಾವಿರದ ಆಚೆಗೂ ಹೋಗುತ್ತದೆ. ಹೊಸಬರು ಕಂಗಾಲಾಗುವುದು ಸಹಜ. ಆದರೆ ಬ್ರಿಸ್ಟಲ್ಲಿನ ಆ ಹರಳು ಲೆನ್ಸಿನ ಮುಂದಕ್ಕೆ ಬಂದ ಬಗೆ ತಿಳಿದರೆ ಯಾವುದಕ್ಕೆ ಹಣ ಕೊಡಬೇಕು, ಯಾವುದಕ್ಕೆ ಬೇಡ ಎಂಬುದು ತಾನಾಗಿ ಸ್ಪಷ್ಟವಾಗುತ್ತದೆ.

ಬೆಳಕು ಒಂದು ಅಲೆ. ಸೂರ್ಯನಿಂದ ನೇರವಾಗಿ ಬರುವ ಬೆಳಕು ಎಲ್ಲ ದಿಕ್ಕಿಗೂ ಕಂಪಿಸುತ್ತದೆ. ಅದೇ ಬೆಳಕು ನೀರು, ಗಾಜು, ಒದ್ದೆ ಎಲೆಗಳ ಮೇಲೆ ಬಿದ್ದು ಹೊಳೆದಾಗ ಬಹುಪಾಲು ಒಂದೇ ದಿಕ್ಕಿನ ಕಂಪನವಾಗುತ್ತದೆ, ಇದೇ ಧ್ರುವೀಕರಣ. ಫ್ರಾನ್ಸಿನ ಎತಿಯೆನ್ ಲೂಯಿ ಮಾಲುಸ್ 1808ರಲ್ಲಿ ಇದನ್ನು ಕಂಡದ್ದು ಪ್ಯಾರಿಸ್ಸಿನ ತನ್ನ ಮನೆಯಿಂದಲೇ. ಲಕ್ಸೆಂಬರ್ಗ್ ಅರಮನೆಯ ಕಿಟಕಿ ಗಾಜುಗಳಲ್ಲಿ ಹೊಳೆಯುತ್ತಿದ್ದ ಸಂಜೆಯ ಸೂರ್ಯನನ್ನು ಹರಳೊಂದರ ಮೂಲಕ ನೋಡುತ್ತ ಅದನ್ನು ತಿರುಗಿಸಿದಾಗ ಬಿಂಬ ಮಂಕಾಯಿತು, ಮತ್ತೆ ಬೆಳಗಿತು. ಸ್ಕಾಟ್ಲೆಂಡಿನ ಡೇವಿಡ್ ಬ್ರೂಸ್ಟರ್ 1815ರಲ್ಲಿ ಇದಕ್ಕೆ ಲೆಕ್ಕ ಕೊಟ್ಟ. ನೀರಿನ ಹೊಳಪು ಪೂರ್ತಿ ಧ್ರುವೀಕೃತವಾಗಲು ಬೆಳಕು ಲಂಬರೇಖೆಗೆ ಸುಮಾರು 53 ಡಿಗ್ರಿ ಓರೆಯಾಗಿ ಬೀಳಬೇಕು, ಗಾಜಾದರೆ ಸುಮಾರು 56 ಡಿಗ್ರಿ. ಇಂದಿಗೂ ಕೆರೆಯ ಹೊಳಪು ತೆಗೆಯಲು ಸರಿಯಾದ ಜಾಗ ಹುಡುಕಿಕೊಂಡು ನಿಲ್ಲುವ ಫೋಟೊಗ್ರಾಫರ್ ಪಾಲಿಸುವುದು ಇದೇ ಲೆಕ್ಕವನ್ನು.

ಲೆಕ್ಕವೇನೋ ಸಿಕ್ಕಿತು, ಸಾಧನ ಮಾತ್ರ ದುಬಾರಿಯಾಗಿಯೇ ಉಳಿಯಿತು. ಎಡಿನ್‌ಬರೋದ ವಿಲಿಯಂ ನಿಕೊಲ್ 1828ರಲ್ಲಿ ಐಸ್ಲೆಂಡ್ ಸ್ಪಾರ್ ಎಂಬ ಖನಿಜವನ್ನು ಕತ್ತರಿಸಿ ಅಂಟಿಸಿ ಒಂದು ಪಟ್ಟಕ ಮಾಡಿದ. ನೂರು ವರ್ಷ ವಿಜ್ಞಾನಿಗಳು ಅದನ್ನೇ ನೆಚ್ಚಿಕೊಂಡರು. ದೊಡ್ಡ, ದೋಷವಿಲ್ಲದ ಹರಳು ಸಿಗುವುದು ಅಪರೂಪವಾದ್ದರಿಂದ ನಿಕೊಲ್ ಪಟ್ಟಕಗಳು ಸಣ್ಣವೇ. ಅಂಥ ಒಂದು ಪಟ್ಟಕ 1921ರಲ್ಲಿ ಸಿ.ವಿ. ರಾಮನ್ ಅವರ ಕೈಯಲ್ಲಿತ್ತು. ಇಂಗ್ಲೆಂಡಿನಿಂದ ನರ್ಕುಂಡ ಹಡಗಿನಲ್ಲಿ ಮರಳುತ್ತಿದ್ದ ಅವರು ಡೆಕ್ಕಿನ ಮೇಲೆ ನಿಂತು ಅದರ ಮೂಲಕ ಸಮುದ್ರವನ್ನು ನೋಡಿದರು. ಕಡಲಿನ ನೀಲಿ ಬರೀ ಆಕಾಶದ ಪ್ರತಿಬಿಂಬ ಎಂಬ ಲಾರ್ಡ್ ರ‍್ಯಾಲೆಯ ಮಾತು ಆಗ ಚಲಾವಣೆಯಲ್ಲಿತ್ತು. ಪಟ್ಟಕವನ್ನು ತಕ್ಕ ಕೋನದಲ್ಲಿ ಹಿಡಿದಾಗ ಮೇಲ್ಮೈಯ ಪ್ರತಿಫಲನ ಅಳಿದುಹೋಯಿತು, ನೀಲಿ ಹೋಗಲಿಲ್ಲ. ಹಾಗಾದರೆ ಆ ಬಣ್ಣ ನೀರಿನೊಳಗಿನಿಂದಲೇ ಬರುತ್ತಿದೆ. ಬೆಳಕಿನ ಚದುರುವಿಕೆಯ ಬೆನ್ನು ಹತ್ತಿದ ಅವರು 1928ರಲ್ಲಿ ರಾಮನ್ ಪರಿಣಾಮವನ್ನು ಕಂಡರು, 1930ರಲ್ಲಿ ನೊಬೆಲ್ ಪಡೆದರು. ಪೋಲರೈಸರ್ ಎಂದರೆ ಆಕಾಶವನ್ನು ಕಡುನೀಲಿ ಮಾಡುವ ಆಟಿಕೆ ಎಂದುಕೊಂಡವರು ಈ ಹಡಗಿನ ಕಥೆಯನ್ನು ನೆನಪಿಡಬೇಕು. ಹೊಳಪಿನ ಕೆಳಗೆ ನಿಜವಾಗಿ ಏನಿದೆ ಎಂದು ತೋರಿಸುವುದೇ ಅದರ ದೊಡ್ಡ ಕೆಲಸ.

ಮತ್ತೆ ಹೆರಾಪಾತ್‌ನ ಕಡೆಗೆ ಬರೋಣ. ನಿಕೊಲ್ ಪಟ್ಟಕದ ಬದಲಿಗೆ ತನ್ನ ಹರಳುಗಳನ್ನು ಬಳಸಬಹುದೆಂದು ಅವನಿಗೆ ಗೊತ್ತಿತ್ತು. ಆದರೆ ಅವು ತೀರ ಸಣ್ಣವು, ಮುಟ್ಟಿದರೆ ಮುರಿಯುವಂಥವು. ದೊಡ್ಡ ಹರಳು ಬೆಳೆಸಲು ಅವನು ವರ್ಷಗಟ್ಟಲೆ ಹೆಣಗಿದ. 1868ರಲ್ಲಿ ತೀರಿಕೊಂಡ. ಹರಳಿಗೆ ಹೆರಾಪಥೈಟ್ ಎಂದು ಗುರುವಿನ ಹೆಸರು ನಿಂತಿತು. ಮೊದಲು ಅದನ್ನು ಕಂಡ ಫೆಲ್ಪ್ಸ್ ಚರಿತ್ರೆಯ ಅಂಚಿನಲ್ಲೇ ಉಳಿದ. ಈ ಅನ್ಯಾಯ ನನ್ನನ್ನು ಕಾಡುತ್ತದೆ. ಕೊಳಕು ದ್ರವದಲ್ಲಿ ಮಿನುಗಿದ್ದನ್ನು ಗಮನಿಸಿ, ಇದು ತೋರಿಸತಕ್ಕದ್ದು ಎಂದು ತೀರ್ಮಾನಿಸಿದವನು ಅವನು.

ಹೆರಾಪಾತ್‌ನ ಹರಳುಗಳ ಪ್ರಸ್ತಾಪ ಬ್ರೂಸ್ಟರನ ಕೆಲೈಡೋಸ್ಕೋಪ್ ಕುರಿತ ಪುಸ್ತಕದಲ್ಲಿ ಬಂತು. ದಶಕಗಳ ನಂತರ ಅಮೆರಿಕದಲ್ಲಿ ಎಡ್ವಿನ್ ಲ್ಯಾಂಡ್ ಎಂಬ ಹುಡುಗ ಅದನ್ನು ಓದಿದ. 1909ರಲ್ಲಿ ಹುಟ್ಟಿದ ಲ್ಯಾಂಡ್ ಹಾರ್ವರ್ಡ್ ಸೇರಿ ಬೇಗನೆ ಬಿಟ್ಟುಬಂದು, ನ್ಯೂಯಾರ್ಕಿನ ಸಾರ್ವಜನಿಕ ಗ್ರಂಥಾಲಯದಲ್ಲಿ ಕೂತು ಓದುತ್ತಿದ್ದ. ರಾತ್ರಿ ಎದುರಿನಿಂದ ಬರುವ ಕಾರುಗಳ ಹೆಡ್‌ಲೈಟು ಕಣ್ಣು ಕುಕ್ಕದಂತೆ ಮಾಡಬೇಕು ಎಂಬುದೊಂದೇ ಅವನ ಹಂಬಲ. ದೀಪಕ್ಕೂ ಮುಂಗಾಜಿಗೂ ಪೋಲರೈಸರ್ ಹಾಕಿದರೆ ಇದು ಸಾಧ್ಯ. ಆದರೆ ಅಷ್ಟು ದೊಡ್ಡ ಹರಳು ತರುವುದೆಲ್ಲಿಂದ?

ಲ್ಯಾಂಡ್ ಪ್ರಶ್ನೆಯನ್ನೇ ತಿರುಗಿಸಿಕೊಂಡ. ದೊಡ್ಡ ಹರಳು ಬೇಕಾಗಿಲ್ಲ, ಕಣ್ಣಿಗೆ ಕಾಣದಷ್ಟು ಸಣ್ಣ ಹರಳುಗಳು ಕೋಟಿಗಟ್ಟಲೆ ಇದ್ದು, ಎಲ್ಲವೂ ಒಂದೇ ದಿಕ್ಕಿಗೆ ಮುಖ ಮಾಡಿದರೆ ಸಾಕು. ಹೆರಾಪಥೈಟನ್ನು ನುಣ್ಣಗೆ ಅರೆದು ಲ್ಯಾಕರಿನಲ್ಲಿ ಕಲಸಿ ಅಯಸ್ಕಾಂತದ ನಡುವೆ ಇಟ್ಟ. ಹರಳುಗಳು ಸಾಲು ಹಿಡಿದವು. ಆಗ ಅವನಿಗೆ ಇಪ್ಪತ್ತೂ ತುಂಬಿರಲಿಲ್ಲ. 1929ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದ, 1933ರಲ್ಲಿ ಅದು ಕೈಸೇರಿತು. ಹಿಗ್ಗಿಸಿದ ಪ್ಲಾಸ್ಟಿಕ್ ಹಾಳೆಯಲ್ಲಿ ಹರಳುಗಳನ್ನು ಸಾಲುಗೂಡಿಸುವ ಸುಲಭ ವಿಧಾನವೂ ಹಿಂದೆಯೇ ಬಂತು. ಪೋಲರೈಸರ್ ಮೊದಲ ಬಾರಿಗೆ ಗಜದ ಲೆಕ್ಕದಲ್ಲಿ ತಯಾರಿಸಬಲ್ಲ ವಸ್ತುವಾಯಿತು.

1934ರಲ್ಲಿ ಕನ್ನಡಕದ ಗಾಜು ಮಾಡುವ ಅಮೆರಿಕನ್ ಆಪ್ಟಿಕಲ್ ಕಂಪನಿಯವರನ್ನು ಲ್ಯಾಂಡ್ ಬಾಸ್ಟನ್ನಿನ ಒಂದು ಹೋಟೆಲಿಗೆ ಕರೆಸಿದ. ಬಿಸಿಲು ಬೀಳುವ ಕಿಟಕಿಯ ಬಳಿ ಮೀನಿನ ಬೋಗುಣಿ ಇಟ್ಟಿದ್ದ. ಹೊಳಪಿಗೆ ಮೀನು ಕಾಣಿಸುತ್ತಿರಲಿಲ್ಲ. ಬಂದವರ ಕೈಗೆ ಒಂದೊಂದು ಹಾಳೆ ಕೊಟ್ಟ. ಅದರ ಮೂಲಕ ನೋಡಿದರೆ ಹೊಳಪು ಮಾಯ, ಮೀನು ನಿಚ್ಚಳ. ಅದೇ ವರ್ಷ ಈಸ್ಟ್‌ಮನ್ ಕೊಡಾಕ್ ಕಂಪನಿ ಕ್ಯಾಮೆರಾ ಫಿಲ್ಟರುಗಳಿಗಾಗಿ ಅವನೊಡನೆ ಒಪ್ಪಂದ ಮಾಡಿಕೊಂಡಿತು. 1937ರಲ್ಲಿ ಪೋಲರಾಯ್ಡ್ ಕಂಪನಿ ಹುಟ್ಟಿತು.

ಹೆಡ್‌ಲೈಟಿನ ಕನಸು ಮಾತ್ರ ಕೈಗೂಡಲಿಲ್ಲ. ಎಲ್ಲ ಕಾರುಗಳಿಗೂ ಒಟ್ಟಿಗೇ ಹಾಕದಿದ್ದರೆ ಪ್ರಯೋಜನವಿಲ್ಲ, ಹಾಕಿದರೆ ಬೆಳಕು ಕಡಿಮೆಯಾಗುವುದರಿಂದ ಇನ್ನೂ ಪ್ರಖರ ದೀಪ ಬೇಕು. ಕಾರು ತಯಾರಕರು ಒಪ್ಪಲಿಲ್ಲ. ಇಂದು ನಮ್ಮ ಹೆದ್ದಾರಿಗಳಲ್ಲಿ ಎದುರಿನ ಹೈಬೀಮಿಗೆ ಕಣ್ಣು ಕತ್ತಲೆಗಟ್ಟಿದಾಗಲೆಲ್ಲ ಆ ನಿರಾಕರಣೆಯ ಬೆಲೆ ತೆರುತ್ತಿರುವವರು ನಾವು. ಜೀವ ಉಳಿಸಲೆಂದು ಹುಟ್ಟಿದ ವಸ್ತು ಚಿತ್ರ ಚೆಂದ ಮಾಡುವುದಕ್ಕೆ ಒದಗಿತಲ್ಲ ಎಂಬ ಸಂಕಟ ನನಗಿದೆ.

1938ರ ಹೊತ್ತಿಗೆ ಲ್ಯಾಂಡ್ ಹರಳನ್ನೂ ಬಿಟ್ಟ. ಬೆಳಕನ್ನು ಹೀರುತ್ತಿದ್ದುದು ಹೆರಾಪಥೈಟಿನೊಳಗಿನ ಅಯೋಡಿನ್ನಿನ ಸರಪಳಿ, ಕ್ವಿನೈನಿನ ಹಂಗೇ ಬೇಡ. ಪಾಲಿವಿನೈಲ್ ಆಲ್ಕೊಹಾಲ್ ಎಂಬ ಪ್ಲಾಸ್ಟಿಕ್ ಹಾಳೆಯನ್ನು ಎಳೆದು ಹಿಗ್ಗಿಸಿದರೆ ಅದರ ಅಣುಸರಪಳಿಗಳು ಬಾಚಿದ ಕೂದಲಿನಂತೆ ಒಂದೇ ದಿಕ್ಕಿಗೆ ಮಲಗುತ್ತವೆ. ಅದಕ್ಕೆ ಅಯೋಡಿನ್ ಕುಡಿಸಿದರೆ ಆಯಿತು. ಇದೇ ಎಚ್-ಶೀಟ್. ಇಂದಿನ ಫಿಲ್ಟರು, ಎಲ್‌ಸಿಡಿ ಪರದೆ, ತಂಪು ಕನ್ನಡಕಗಳಲ್ಲಿ ಬಹುಮಟ್ಟಿಗೆ ಇರುವುದು ಇದರ ವಂಶದ ಹಾಳೆಯೇ. ಬೆಲೆ ಬೇರೆಯಾಗುವುದು ಹಾಳೆಯನ್ನು ಹಿಡಿದಿಡುವ ಗಾಜು, ಗಾಜಿನ ಕೋಟಿಂಗು, ಸುತ್ತಲಿನ ಉಂಗುರ, ಜೋಡಣೆಯ ನಿಗಾ ಇವುಗಳಿಂದ.

ಮುಂದಿನ ತಿರುವು ಕ್ಯಾಮೆರಾದ ಹೊಟ್ಟೆಯೊಳಗೆ ಆಯಿತು. ಹಳೆಯ ಪೋಲರೈಸರುಗಳು ಲೀನಿಯರ್ ಬಗೆಯವು: ಒಂದು ಹಾಳೆ, ಅಷ್ಟೇ. 1968ರ ಲೈಕಾಫ್ಲೆಕ್ಸ್ ಎಸ್‌ಎಲ್, 1971ರ ಕ್ಯಾನನ್ ಎಫ್-1ರಂಥ ಕ್ಯಾಮೆರಾಗಳು ಬೆಳಕನ್ನು ಒಳಗೆ ಅರೆಗನ್ನಡಿಯಿಂದ ಪಾಲು ಮಾಡಿ ಅಳೆಯತೊಡಗಿದವು. ಅರೆಗನ್ನಡಿ ಧ್ರುವೀಕೃತ ಬೆಳಕನ್ನು ಸಮನಾಗಿ ಹಂಚುವುದಿಲ್ಲವಾದ್ದರಿಂದ ಅಳತೆ ತಪ್ಪುತ್ತಿತ್ತು. ಆಟೊಫೋಕಸ್ ಬಂದಮೇಲೆ ತೊಂದರೆ ಇನ್ನೂ ಹೆಚ್ಚಿತು. ಹಾಗಾಗಿ ಹಾಳೆಯ ಹಿಂದೆ ಕಾಲು-ಅಲೆ ಫಲಕವೊಂದನ್ನು ಸೇರಿಸಿ, ಬೆಳಕನ್ನು ಸುರುಳಿಯಾಗಿ ತಿರುಗಿಸಿ ಒಳಗೆ ಬಿಡುವ ಸರ್ಕ್ಯುಲರ್ ಪೋಲರೈಸರ್ ಬಳಕೆಗೆ ಬಂತು.

ಈ ಕಾಲು-ಅಲೆ ಫಲಕಕ್ಕೂ ಬೆಂಗಳೂರಿಗೂ ನಂಟಿದೆ. ಸಾದಾ ಫಲಕ ಕರಾರುವಾಕ್ಕಾಗಿ ಕೆಲಸ ಮಾಡುವುದು ಒಂದು ಬಣ್ಣಕ್ಕೆ ಮಾತ್ರ. ರಾಮನ್ ಸಂಶೋಧನಾ ಸಂಸ್ಥೆಯಲ್ಲಿದ್ದ ಎಸ್. ಪಂಚರತ್ನಂ 1955ರಲ್ಲಿ, ಇಪ್ಪತ್ತೊಂದರ ಹರೆಯದಲ್ಲಿ, ಒಂದೇ ವಸ್ತುವಿನ ಮೂರು ಫಲಕಗಳನ್ನು ತಕ್ಕ ಕೋನಗಳಲ್ಲಿ ಜೋಡಿಸಿದರೆ ಅದು ಹಲವು ಬಣ್ಣಗಳಿಗೂ ಒದಗುತ್ತದೆಂದು ತೋರಿಸಿದರು. ಮರುವರ್ಷ ಧ್ರುವೀಕೃತ ಬೆಳಕಿನ ಬಗ್ಗೆ ಅವರು ಕಂಡ ಇನ್ನೊಂದು ಸತ್ಯವನ್ನು 1984ರಲ್ಲಿ ಭೌತವಿಜ್ಞಾನಿ ಮೈಕೆಲ್ ಬೆರಿ ಬೇರೆ ದಾರಿಯಿಂದ ತಲುಪಿದಾಗ ಜಗತ್ತು ಪಂಚರತ್ನಂ ಹೆಸರನ್ನು ನೆನೆಯಿತು. ಅವರು 1969ರಲ್ಲೇ, ಮೂವತ್ತೈದನೆಯ ವಯಸ್ಸಿನಲ್ಲಿ ತೀರಿಕೊಂಡಿದ್ದರು. ಮೈಸೂರು ವಿಶ್ವವಿದ್ಯಾಲಯದಲ್ಲಿ ಪಾಠ ಹೇಳಿದ್ದ ಈ ಮೇಧಾವಿಯ ಹೆಸರು ನಮ್ಮ ಎಷ್ಟು ಫೋಟೊಗ್ರಫಿ ತರಗತಿಗಳಲ್ಲಿ ಕೇಳಿಬರುತ್ತದೆ?

ಸರ್ಕ್ಯುಲರ್ ಬಂದಮೇಲೆ ಅಂಗಡಿಗಳ ಗಾಜಿನ ಕಪಾಟಿನಿಂದ ಲೀನಿಯರ್ ಮೆಲ್ಲಗೆ ಜಾಗ ಖಾಲಿ ಮಾಡಿತು. ವಿಷಾದದ ಸಂಗತಿಯೆಂದರೆ ಅದನ್ನು ಹೊರದೂಡಿದ ಕಾರಣವೇ ಈಗ ಬಹುಮಟ್ಟಿಗೆ ಇಲ್ಲ. ಮಿರರ್‌ಲೆಸ್ ಕ್ಯಾಮೆರಾದಲ್ಲಿ ಕನ್ನಡಿಯಿಲ್ಲ. ಲೀನಿಯರ್ ಫಿಲ್ಟರು ಅದರಲ್ಲಿ ಸಾಮಾನ್ಯವಾಗಿ ಚೆನ್ನಾಗಿಯೇ ಕೆಲಸ ಮಾಡುತ್ತದೆ. ಹಳೆಯ ಸ್ಟುಡಿಯೊ ಸಾಮಾನು ಮಾರುವಲ್ಲಿ ಒಳ್ಳೆಯ ಗಾಜಿನ ಲೀನಿಯರ್ ಸಿಕ್ಕರೆ ಬಿಡಬೇಡಿ. ಅಂಚಿನಲ್ಲಿ ಹಾಳೆ ಬಿಟ್ಟುಕೊಂಡಿಲ್ಲವೇ, ಬಣ್ಣ ಮಾಸಿಲ್ಲವೇ ಎಂದಷ್ಟೇ ನೋಡಿಕೊಳ್ಳಿ. ಕನ್ನಡಿ ಇರುವ ಡಿಎಸ್‌ಎಲ್‌ಆರ್ ಆದರೆ ಸರ್ಕ್ಯುಲರ್ ಬೇಕೇ ಬೇಕು.

ಕೊಳ್ಳುವ ಮೊದಲು ಅಂಗಡಿಯಲ್ಲೇ ಪರೀಕ್ಷಿಸಬಹುದು. ಎಲ್‌ಸಿಡಿ ಪರದೆಯ ಮುಂದೆ ಫಿಲ್ಟರನ್ನು ತಿರುಗಿಸಿ. ಸರ್ಕ್ಯುಲರ್ ಆದರೆ ಲೆನ್ಸಿನಿಂದ ಆಚೆಗಿರುವ ಮುಖ ಪರದೆಯ ಕಡೆಗಿರಲಿ. ಒಂದು ಹಂತದಲ್ಲಿ ಪರದೆ ಕಪ್ಪಾಗಬೇಕು, ಕಪ್ಪು ಇಡೀ ವೃತ್ತದಲ್ಲಿ ಸಮನಾಗಿರಬೇಕು. ಬಿಳಿ ಹಾಳೆಯನ್ನು ಅದರ ಮೂಲಕ ನೋಡಿ, ಹಳದಿ ಅಥವಾ ಹಸಿರು ಛಾಯೆ ಎದ್ದು ಕಂಡರೆ ಬೇಡ. ನಿಜವಾಗಿ ಸರ್ಕ್ಯುಲರೇ ಎಂದು ತಿಳಿಯಲು, ಲೆನ್ಸಿಗೆ ತಿರುಗಿಸಿ ಕೂರಿಸುವ ಬದಿಯನ್ನು ಕನ್ನಡಿಯ ಕಡೆ ಹಿಡಿದು ಫಿಲ್ಟರಿನ ಮೂಲಕ ನಿಮ್ಮ ಕಣ್ಣನ್ನೇ ನೋಡಿಕೊಳ್ಳಿ. ಬಿಂಬದಲ್ಲಿ ಫಿಲ್ಟರು ಕಪ್ಪಾಗಿ ಕಾಣಬೇಕು. ಮಗುಚಿ ಹಿಡಿದರೆ ತಿಳಿಯಾಗಿ ಕಾಣಬೇಕು. ಎರಡೂ ಕಡೆ ತಿಳಿಯಾಗಿದ್ದರೆ ಅದು ಲೀನಿಯರ್.

ಪ್ರತಿ ಲೆನ್ಸಿಗೊಂದು ಫಿಲ್ಟರು ಕೊಳ್ಳುವುದು ದಂಡ. ನಿಮ್ಮಲ್ಲಿರುವ ಅತಿ ದೊಡ್ಡ ಲೆನ್ಸಿನ ಅಳತೆಗೆ, 67 ಅಥವಾ 77 ಮಿ.ಮೀ. ಏನಿದೆಯೋ ಅದಕ್ಕೆ, ಒಂದನ್ನೇ ಕೊಂಡು ಉಳಿದವಕ್ಕೆ ಸ್ಟೆಪ್-ಅಪ್ ರಿಂಗ್ ಹಾಕಿ. ಇಪ್ಪತ್ತೆಂಟು ಮಿ.ಮೀ.ಗಿಂತ ಅಗಲ ನೋಟದ ಲೆನ್ಸಿನಲ್ಲಿ ಆಕಾಶದ ನೀಲಿ ಪಟ್ಟೆಪಟ್ಟೆಯಾಗುತ್ತದೆ, ಎಷ್ಟು ದುಬಾರಿ ಫಿಲ್ಟರೂ ಅದನ್ನು ತಪ್ಪಿಸಲಾರದು. ಒಂದೂವರೆಯಿಂದ ಎರಡು ಸ್ಟಾಪ್ ಬೆಳಕು ನಷ್ಟವಾಗುವುದೂ ಹಾಗೆಯೇ. ಲೋಹದ ಹೊಳಪು ಇದರಿಂದ ಹೋಗುವುದಿಲ್ಲ. ಜೋಗದಲ್ಲಿ ಕಾಮನಬಿಲ್ಲು ಹಿಡಿಯಲು ಹೋದವರು ಫಿಲ್ಟರನ್ನು ನೋಡಿ ತಿರುಗಿಸಬೇಕು, ಬಿಲ್ಲಿನ ಬೆಳಕೂ ಧ್ರುವೀಕೃತವಾದ್ದರಿಂದ ಒಂದು ಕೋನದಲ್ಲಿ ಅದು ಅಳಿಸಿಯೇ ಹೋಗುತ್ತದೆ.

ಮಳೆಗಾಲದ ಮಲೆನಾಡಿನಲ್ಲಿ ಒದ್ದೆ ಎಲೆಯ ಬಿಳಿ ಹೊಳಪು ತೆಗೆದು ನಿಜವಾದ ಹಸಿರನ್ನು ಕಾಣಿಸುವ ಕೆಲಸವನ್ನು ಯಾವ ಸಾಫ್ಟ್‌ವೇರೂ ಆಮೇಲೆ ಸರಿಯಾಗಿ ಮಾಡಲಾರದು, ಹೊಳಪಿನಡಿ ಮುಚ್ಚಿಹೋದದ್ದು ಚಿತ್ರದಲ್ಲಿ ದಾಖಲಾಗಿಯೇ ಇರುವುದಿಲ್ಲ. ಹಾಗಾಗಿ ಫಿಲ್ಟರು ಬೇಕು, ಆದರೆ ಅತಿ ದುಬಾರಿಯದೇ ಆಗಬೇಕಿಲ್ಲ. ಅಯೋಡಿನ್ ಹಾಳೆಗೆ ಹೆಸರು ನೋಡಿ ದುಡ್ಡು ಸುರಿಯಬೇಡಿ. ಒಳ್ಳೆಯ ಗಾಜು, ಎರಡೂ ಬದಿಗೆ ಕೋಟಿಂಗು, ಸಲೀಸಾಗಿ ತಿರುಗುವ ತೆಳು ಉಂಗುರ ಇರುವ ಮಧ್ಯಮ ದರದ ಒಂದನ್ನು ಕೊಂಡು, ಉಳಿದ ಹಣದಲ್ಲಿ ಆಗುಂಬೆಗೊಂದು ಬಸ್ಸು ಹತ್ತಿ.