ಮಗು ನೋಡಿಕೊಳ್ಳುವ ಅತ್ತೆಗೆ ಕೊಡುವ ಹಣ ಯಾವ ಲೆಕ್ಕಕ್ಕೆ?

ಅಡಿಕೆ ಸುಲಿತ ಮುಗಿಯುವ ಮುನ್ನವೇ ಕಾಫಿ ಹಣ್ಣಾಗುತ್ತದೆ. ಗಂಡ ಹೆಂಡತಿ ಇಬ್ಬರೂ ತೋಟದಲ್ಲಿರಬೇಕಾದ ಆ ದಿನಗಳಲ್ಲಿ ಮಗುವನ್ನು ನೋಡಿಕೊಳ್ಳಲು ಸೋದರತ್ತೆ ಬಂದಿರುವುದು ನಮ್ಮ ಕಡೆ ವಾಡಿಕೆ. ಅವರಿಗೆ ತಿಂಗಳಿಗಿಷ್ಟು ಎಂದು ಕೊಡುವುದು ನ್ಯಾಯವೇ. ಅದನ್ನು ತೋಟದ ಹಾಜರಿ ಪುಸ್ತಕದಲ್ಲಿ ಕೂಲಿಯೆಂದು ಬರೆಯಬಹುದೇ ಎಂದು ಕೇಳುವ ಸದಸ್ಯರಿಗೆ ನಮ್ಮ ಉತ್ತರ: ಕೂಡದು.

ತಾವೇ ಬೆಳೆದು ಕ್ಯೂರಿಂಗ್ ಮಾಡಿ ಮಾರಿದ ಕಾಫಿಯ ಆದಾಯದಲ್ಲಿ ಶೇ. 25 ಭಾಗ ಕೇಂದ್ರದ ಆದಾಯ ತೆರಿಗೆಯ ಲೆಕ್ಕಕ್ಕೆ ಸೇರುತ್ತದೆ. ಆ ಆದಾಯದಿಂದ ಕಳೆಯಬಹುದಾದದ್ದು ತೋಟದ ಖರ್ಚು ಮಾತ್ರ. ಸ್ವಂತ ಮಗುವಿನ ಪಾಲನೆ ಮನೆಯ ಖರ್ಚು. ನೋಡಿಕೊಳ್ಳುವವರು ನೆಂಟರಾದರೂ ಹೊರಗಿನವರಾದರೂ ಅಷ್ಟೇ. ಅದೇ ಅತ್ತೆ ತೋಟದ ಕಾರ್ಮಿಕರ ಮಕ್ಕಳ ಶಿಶುಗೃಹವನ್ನು ನಿಜವಾಗಿ ನೋಡಿಕೊಂಡರೆ ಆ ಸಂಬಳ ತೋಟದ ಖರ್ಚು.

ಪಡೆದವರಿಗೆ ಅದು ದುಡಿಮೆಯ ಆದಾಯ. ಉಡುಗೊರೆಯೆಂದು ಹೆಸರಿಟ್ಟರೂ ಪ್ರಯೋಜನವಿಲ್ಲ. ಸೋದರತ್ತೆ ಅಣ್ಣನ ಮಗನಿಗೆ ಕೊಟ್ಟ ಉಡುಗೊರೆಗೆ ತೆರಿಗೆಯಿಲ್ಲ. ಅಣ್ಣನ ಮಗ ಅತ್ತೆಗೆ ಕೊಟ್ಟದ್ದು ವರ್ಷಕ್ಕೆ 50,000 ರೂಪಾಯಿ ದಾಟಿದರೆ ತೆರಿಗೆಯ ಲೆಕ್ಕಕ್ಕೆ ಬರುತ್ತದೆ. ಕಾಯ್ದೆ ಹೇಳುವ ಅತ್ತೆಯ ಸಂಬಂಧಿಕರ ಪಟ್ಟಿಯಲ್ಲಿ ಅಣ್ಣನ ಮಗನಿಲ್ಲ! ಆದರೂ ಹೆದರಬೇಕಿಲ್ಲ. 2025-26ರಿಂದ ಹೊಸ ಪದ್ಧತಿಯಲ್ಲಿ ವರ್ಷದ ಒಟ್ಟು ಆದಾಯ 4 ಲಕ್ಷ ರೂಪಾಯಿ ಮೀರದಿದ್ದರೆ ತೆರಿಗೆಯೇ ಇಲ್ಲ.

ಆದ್ದರಿಂದ ಮನೆಯ ಖಾತೆಯಿಂದ, ಬ್ಯಾಂಕಿನ ಮೂಲಕ, ಅವರ ಹೆಸರಿಗೇ ಹಣ ಕೊಡಬೇಕೆಂಬುದು ನಮ್ಮ ಸಲಹೆ. ಮಾಡದ ಕೊಯ್ಲಿನ ಕೂಲಿ ಅವರ ಹೆಸರಿನಲ್ಲಿದ್ದರೆ, ನಾಳೆ ವಿಚಾರಣೆಯಲ್ಲಿ ಉತ್ತರ ಹೇಳುವ ಸರದಿ ಆ ಹಿರಿಯರಿಗೂ ಬಂದೀತು.